ಸೈಟಿಂಗ್ ರಾಯರ ದಸರಾ ರಜೆ

ವಿಜಯದಶಮಿಯ ಮೆರವಣಿಗೆ ಬನ್ನಿಮಂಟಪ ಮುಟ್ಟಿ, ಗೊಂಬೆಗಳೆಲ್ಲ ಹಳೇ ಸೀರೆ ಸುತ್ತಿಕೊಂಡು ಟ್ರಂಕಿನೊಳಗೆ ಮಲಗುವ ಹೊತ್ತಿಗೆ ಬೆಂಗಳೂರಿನ ಒಂದು ಬಗೆಯ ಗಂಡಸರಿಗೆ ಕಾಡಿನ ಗೀಳು ಹತ್ತುತ್ತದೆ. ಅವರನ್ನು ಗುರುತಿಸುವುದು ಸುಲಭ. ಮೈಮೇಲೆ ಎಲೆಬಣ್ಣ, ಮಣ್ಣುಬಣ್ಣದ ತೇಪೆ ತೇಪೆಯ ಅಂಗಿ, ತಲೆಗೆ ಅದೇ ಬಟ್ಟೆಯ ಟೋಪಿ, ಕ್ಯಾಮೆರಾದ ಲೆನ್ಸಿಗೂ ಅದೇ ಬಟ್ಟೆಯ ಕವಚ. ಕಾಡಿನಲ್ಲಿ ಯಾವ ಪ್ರಾಣಿಯ ಕಣ್ಣಿಗೂ ಬೀಳಬಾರದೆಂದು ಹೊಲಿಸಿಕೊಂಡ ಈ ವೇಷದಲ್ಲಿ ಅವರು ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ಇಳಿದರೆ ಹೋಟೆಲ್ಲಿಗೆ ಹೋಟೆಲ್ಲೇ ತಿರುಗಿ ನೋಡುತ್ತದೆ. ಅನುಕೂಲಕ್ಕೆ ಅವರನ್ನು ಸೈಟಿಂಗ್ ರಾಯರು ಎಂದು ಕರೆಯೋಣ. ರಾಯರೇ ಆಗಿರಬೇಕೆಂದಿಲ್ಲ, ಗೌಡರಿರಬಹುದು, ಶೆಟ್ಟರಿರಬಹುದು, ಪಾಟೀಲರೂ ಇರಬಹುದು.

ರಾಯರ ಪ್ರಕಾರ ಕಾಡಿನಲ್ಲಿರುವುದು ಎರಡೇ ಬಗೆಯ ಪ್ರಾಣಿ: ಹುಲಿ, ಮತ್ತು ಹುಲಿಯಲ್ಲದ್ದು. ಚಿರತೆಗೆ ಅರ್ಧ ಅಂಕ. ಅದು ಕಬಿನಿಯ ಕರಿಚಿರತೆಯಾದರೆ ಮಾತ್ರ ಪೂರ್ತಿ ಅಂಕ, ಜೊತೆಗೆ ವಾಟ್ಸಾಪ್ ಗುಂಪಿನಲ್ಲಿ ಒಂದು ವಾರದ ಗೌರವ. ಸೀಳುನಾಯಿಗಳ ಗುಂಪು ಸಿಕ್ಕರೆ ‘ಪರವಾಗಿಲ್ಲ’. ಕರಡಿಗೂ ‘ಪರವಾಗಿಲ್ಲ’. ಆನೆ, ಕಾಟಿ, ಕಡವೆ ಇವೆಲ್ಲ ದಾರಿ ಬಿಡಬೇಕಾದ ಅಡಚಣೆಗಳು. ಜಿಂಕೆಯಂತೂ ಲೆಕ್ಕಕ್ಕೇ ಇಲ್ಲ. ನೂರು ಜಿಂಕೆ ಒಟ್ಟಿಗೆ ಹಡ್ಲಿನಲ್ಲಿ ನಿಂತು ಕಿವಿ ನಿಮಿರಿಸಿದರೂ ರಾಯರು ನೋಡುವುದು ಜಿಂಕೆಗಳನ್ನಲ್ಲ, ಅವು ಯಾವ ಕಡೆ ನೋಡುತ್ತಿವೆ ಎನ್ನುವುದನ್ನು.

ಅವರಿಗೆ ಕಾಡು ಹತ್ತಿಸಿದ್ದು ಪುಸ್ತಕ. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕತೆಗಳನ್ನು ಹೈಸ್ಕೂಲಿನಲ್ಲಿ ಗಣಿತದ ಪುಸ್ತಕದೊಳಗೆ ಇಟ್ಟುಕೊಂಡು ಓದಿದವರು ಅವರು. ಆಮೇಲೆ ಇಂಜಿನಿಯರಿಂಗ್ ಬಂತು, ಕೆಲಸ ಬಂತು, ಮದುವೆ ಬಂತು, ಫ್ಲ್ಯಾಟಿನ ಕಂತು ಬಂತು. ನರಭಕ್ಷಕ ಮಾತ್ರ ಬರಲಿಲ್ಲ. ಆ ಕೊರತೆಯನ್ನು ನಲವತ್ತರ ಮೇಲೆ ಲೆನ್ಸು ಕೊಂಡು ತುಂಬಿಕೊಂಡರು. ಹುಲಿ ಯೋಜನೆ ಶುರುವಾಗಿದ್ದು 1973ರಲ್ಲಿ, ಮೊದಲ ಒಂಬತ್ತು ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ನಮ್ಮ ಬಂಡೀಪುರವೂ ಒಂದು, ಅದೇ 1973ರಲ್ಲಿ ರಾಜ್‌ಕುಮಾರ್ ಅರಣ್ಯಾಧಿಕಾರಿಯಾದ ‘ಗಂಧದ ಗುಡಿ’ ಬಿಡುಗಡೆಯಾಯಿತು ಎಂಬ ಮೂರು ಮಾತನ್ನು ರಾಯರು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಮದ್ದೂರು ದಾಟುವ ಮೊದಲೇ ಹೇಳಿ ಮುಗಿಸಿರುತ್ತಾರೆ.

ಹುಲಿಗಳ ವಂಶಾವಳಿ ಅವರಿಗೆ ಬಾಯಿಪಾಠ. ಯಾವ ಹೆಣ್ಣಿಗೆ ಎಷ್ಟು ಮರಿ, ಯಾವ ಗಂಡು ಯಾರ ಜಾಗ ಕಸಿದುಕೊಂಡ, ಯಾವುದರ ಸೊಂಟ ಉಳುಕಿದೆ ಎಲ್ಲವೂ ಗೊತ್ತು. ತಮ್ಮ ಸೋದರತ್ತೆಯ ಮಕ್ಕಳೆಷ್ಟು ಎಂದು ಕೇಳಿದರೆ ಹೆಂಡತಿಯ ಮುಖ ನೋಡುತ್ತಾರೆ. ಬಂಡೀಪುರದ ಹೆಸರುವಾಸಿ ಹುಲಿ ಪ್ರಿನ್ಸ್ 2017ರಲ್ಲಿ ಸತ್ತಾಗ ರಾಯರು ಆಫೀಸಿನಲ್ಲಿ ಮಧ್ಯಾಹ್ನದ ಊಟ ಬಿಟ್ಟರು. ಅದೇ ವರ್ಷ ತೀರಿಕೊಂಡ ಚಿಕ್ಕಪ್ಪನ ವೈಕುಂಠ ಸಮಾರಾಧನೆಗೆ ಹೋಗಲಾಗಲಿಲ್ಲ. ಆ ದಿನ ಸಫಾರಿ ಬುಕ್ ಆಗಿತ್ತು.

ಅರ್ಧ ವಿಜ್ಞಾನವೂ ಗೊತ್ತು. ಹುಲಿಯ ಪಟ್ಟೆ ಮನುಷ್ಯನ ಬೆರಳಚ್ಚಿದ್ದ ಹಾಗೆ, ಒಂದರದ್ದು ಇನ್ನೊಂದಕ್ಕಿಲ್ಲ. ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು ಹುಲಿ ಎಣಿಸುವ ಕ್ರಮವನ್ನು ರೂಢಿಗೆ ತಂದದ್ದು ಈ ನಂಬಿಕೆಯ ಮೇಲೇ. ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಕಟ್ಟುತ್ತಾರೆ, ಏಕೆಂದರೆ ಹುಲಿಯ ಎಡಮೈಯ ಪಟ್ಟೆ ಬಲಮೈಯಲ್ಲಿರುವುದಿಲ್ಲ. ಎರಡೂ ಪಕ್ಕದ ಚಿತ್ರ ಬಿದ್ದರೇ ಗುರುತು ಖಾತ್ರಿ. ರಾಯರಿಗೆ ಅಷ್ಟೆಲ್ಲ ಬೇಡ. ಪೊದೆಯೊಳಗೆ ಮಾಯವಾಗುತ್ತಿರುವ ಬಾಲದ ತುದಿ ಕಂಡರೆ ಸಾಕು, ‘ಬ್ಯಾಕ್‌ವಾಟರ್ ಹೆಣ್ಣು’ ಎಂದು ತೀರ್ಪು ಕೊಟ್ಟುಬಿಡುತ್ತಾರೆ.

ಹೊರಡುವ ಹಿಂದಿನ ರಾತ್ರಿ ಲೆಕ್ಕ ನಡೆಯುತ್ತದೆ. 2022ರ ಗಣತಿಯಂತೆ ಕರ್ನಾಟಕದಲ್ಲಿ 563 ಹುಲಿ, ಮಧ್ಯಪ್ರದೇಶ ಬಿಟ್ಟರೆ ನಾವೇ. ನಾಗರಹೊಳೆಯಲ್ಲೇ 141. ಉದ್ಯಾನದ ವಿಸ್ತೀರ್ಣ 643 ಚದರ ಕಿಲೋಮೀಟರು. ಭಾಗಿಸಿದರೆ ನಾಲ್ಕೂವರೆ ಚದರ ಕಿಲೋಮೀಟರಿಗೆ ಒಂದು. ಜೀಪು ಒಂದು ಸುತ್ತಿಗೆ ಇಪ್ಪತ್ತು ಮೂವತ್ತು ಕಿಲೋಮೀಟರಾದರೂ ಓಡುತ್ತದೆ. ‘ಅಂದರೆ ಕನಿಷ್ಠ ನಾಲ್ಕು!’ ಎಂದು ರಾಯರು ಪೆನ್ನು ಕೆಳಗಿಡುತ್ತಾರೆ. ಹುಲಿ ಸರಾಸರಿ ವಾರಕ್ಕೊಂದು ಬೇಟೆ ಆಡುತ್ತದೆ, ವರ್ಷಕ್ಕೆ ಐವತ್ತರ ಆಸುಪಾಸು. ಉಳಿದ ಹೊತ್ತೆಲ್ಲ ನೆರಳು ಕಂಡಲ್ಲಿ ಬಿದ್ದುಕೊಂಡಿರುತ್ತದೆ ಎಂಬುದು ಈ ಲೆಕ್ಕದೊಳಗೆ ಬರುವುದಿಲ್ಲ. ಸಫಾರಿಗೆ ಬಿಟ್ಟಿರುವುದು ಕಾಡಿನ ಒಂದು ಚಿಕ್ಕ ಪಾಲು ಎಂಬುದೂ ಬರುವುದಿಲ್ಲ. 2012ರಲ್ಲಿ ಸುಪ್ರೀಂ ಕೋರ್ಟು ಹುಲಿ ಪ್ರದೇಶಗಳ ಒಡಲಿನಲ್ಲಿ ಪ್ರವಾಸವನ್ನೇ ತಡೆದು, ಅಕ್ಟೋಬರಿನಲ್ಲಿ ಮಾರ್ಗಸೂಚಿಯೊಂದಿಗೆ ಮತ್ತೆ ಬಿಟ್ಟಾಗ, ಒಡಲಿನ ಶೇಕಡಾ 20ಕ್ಕಿಂತ ಹೆಚ್ಚು ಜಾಗ ಪ್ರವಾಸಿಗರಿಗೆ ಸಲ್ಲದು ಎಂದಾಯಿತು. ಮಿಕ್ಕ ಎಂಬತ್ತು ಪಾಲು ಹುಲಿಗೆ ರಾಯರಿಂದ ರಜೆ.

ಈ ಯಾತ್ರೆಗೆ ರಾಯರು ಒಬ್ಬರೇ ಹೊರಡುವಂತಿಲ್ಲ. ಮಗನಿಗೆ ದಸರಾ ರಜೆ, ಹೆಂಡತಿಗೆ ‘ನನ್ನನ್ನೂ ಎಲ್ಲಾದರೂ ಕರೆದುಕೊಂಡು ಹೋಗಿ’ ಎಂಬ ಹಳೇ ಬಾಕಿ, ಎಪ್ಪತ್ತು ದಾಟಿದ ತಾಯಿಯನ್ನು ಮನೆಯಲ್ಲಿ ಒಬ್ಬರನ್ನೇ ಬಿಡುವ ಹಾಗಿಲ್ಲ. ಅಮ್ಮನ ಚೀಲದಲ್ಲಿ ಚಕ್ಕುಲಿ, ಕೋಡುಬಳೆ, ಅಮೃತಾಂಜನ, ಒಂದು ಮಂಕಿಟೋಪಿ. ರಾಯರ ಚೀಲದಲ್ಲಿ ಎರಡು ಕ್ಯಾಮೆರಾ, ಮೂರು ಲೆನ್ಸು, ಜೀಪಿನ ಕಂಬಿಯ ಮೇಲೆ ಲೆನ್ಸು ಕೂರಿಸಲು ಕಾಳು ತುಂಬಿದ ದಿಂಬು. ಆ ದಿಂಬಿನಲ್ಲಿರುವುದು ಮನೆಯ ರಾಜ್ಮಾ. ಹಬ್ಬದ ವಾರವೆಲ್ಲ ಹುಡುಕಿದರೂ ಅಡುಗೆಮನೆಯಲ್ಲಿ ಸಿಗದಿದ್ದದ್ದು ಇದೇ.

ಎಚ್.ಡಿ. ಕೋಟೆಯ ರಸ್ತೆಯಲ್ಲಿ ಒಂದು ಲಾರಿ ಎದುರಾಗುತ್ತದೆ. ಎದುರಲ್ಲ, ಮುಂದೆ ಅದೇ ದಿಕ್ಕಿನಲ್ಲಿ ಹೋಗುತ್ತಿದೆ. ಮೇಲೆ ಆನೆ ನಿಂತಿದೆ, ಹಣೆಯ ಮೇಲೆ ಮೆರವಣಿಗೆಯ ಬಣ್ಣ ಇನ್ನೂ ಪೂರ್ತಿ ಹೋಗಿಲ್ಲ. ದಸರೆಗೆ ಮೈಸೂರಿಗೆ ಬಂದ ಆನೆಗಳು ಕೆಲಸ ಮುಗಿಸಿ ಶಿಬಿರಗಳಿಗೆ ವಾಪಸು ಹೋಗುವ ಕಾಲ ಇದು. ಆಗಸ್ಟಿನ ಸುಮಾರಿಗೆ ನಾಗರಹೊಳೆಯ ಅಂಚಿನ ವೀರನಹೊಸಹಳ್ಳಿಯಲ್ಲಿ ಪೂಜೆ ಮಾಡಿಸಿಕೊಂಡು ಹೊರಟ ಗಜಪಯಣ ಮುಗಿಯುವುದು ಹೀಗೆ ಲಾರಿಯ ಮೇಲೆ. ಎಂಟು ಸಲ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ ಅರ್ಜುನ ಇದೇ ರಸ್ತೆಯ ಬಳ್ಳೆ ಶಿಬಿರದವನು. 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸಲಗದೊಂದಿಗೆ ಸೆಣಸಿ ಸತ್ತ. ಇಷ್ಟನ್ನೂ ರಾಯರೇ ಮಗನಿಗೆ ಹೇಳುತ್ತಾರೆ, ಹೇಳುತ್ತಲೇ ಹಾರ್ನ್ ಹೊಡೆದು ಲಾರಿಯನ್ನು ಹಿಂದೆ ಹಾಕುತ್ತಾರೆ. ‘ಅಪ್ಪಾ, ನಿಲ್ಸಿ, ಆನೆ ನೋಡ್ಬೇಕು’ ಎಂದು ಮಗ ಕೂಗಿದರೆ, ‘ಅದು ಸಾಕಿದ್ದು ಕಣೋ, ಲೆಕ್ಕಕ್ಕೆ ಬರಲ್ಲ. ಸಫಾರಿಗೆ ಲೇಟಾಗುತ್ತೆ.’

ಅಮ್ಮ ಕಿಟಕಿಯಿಂದ ಕೈಮುಗಿಯುತ್ತಾರೆ. ಆನೆಗೂ, ಅದರ ಕಾಲ ಬಳಿ ಹುಲ್ಲಿನ ಮೇಲೆ ನಿದ್ದೆಹೋಗಿರುವ ಕಾವಾಡಿಗೂ.

ಶರತ್ಕಾಲದ ಮೇಲೆ ರಾಯರಿಗೆ ಒಂದು ದೂರಿದೆ. ಹಸಿರು ಜಾಸ್ತಿ. ಜೂನಿನಿಂದ ಬಿದ್ದ ಮಳೆಗೆ ಹುಲ್ಲು ಭುಜದೆತ್ತರ ಬೆಳೆದಿರುತ್ತದೆ. ಬ್ರಿಟಿಷರ ಕಾಲದಲ್ಲಿ ತೋಟದ ಅಂದಕ್ಕೆಂದು ಬಂದ ಲಂಟಾನ ಇಂದು ಬಂಡೀಪುರ, ನಾಗರಹೊಳೆ ಎರಡರಲ್ಲೂ ಕಾಡಿನ ಕೆಳಮಟ್ಟವನ್ನೇ ನುಂಗಿದೆ, ಮಳೆ ಮುಗಿದ ಮೇಲೆ ಹೂ ಬಿಟ್ಟುಕೊಂಡು ದಾರಿಯ ಎರಡೂ ಕಡೆ ಗೋಡೆ ಕಟ್ಟಿ ನಿಲ್ಲುತ್ತದೆ. ಗೋಡೆಯಾಚೆ ಎರಡಡಿ ದೂರದಲ್ಲಿ ಹುಲಿ ಕೂತಿದ್ದರೂ ತಿಳಿಯದು. ಬೇಸಿಗೆಯಲ್ಲಾದರೆ ಕೆರೆಗಳೆಲ್ಲ ಬತ್ತಿ, ಇರುವ ನಾಲ್ಕು ಹೊಂಡಕ್ಕೇ ಎಲ್ಲ ಪ್ರಾಣಿಗಳೂ ಬರಬೇಕು; ಜೀಪು ಅಲ್ಲಿ ನಿಲ್ಲಿಸಿದರೆ ಸಾಕು. 1974ರಲ್ಲಿ ಬೀಚನಹಳ್ಳಿಯಲ್ಲಿ ಕಟ್ಟಿ ಮುಗಿಸಿದ ಕಬಿನಿ ಅಣೆಕಟ್ಟಿನ ಹಿನ್ನೀರು ಮಾರ್ಚ್ ನಂತರ ಇಳಿದಾಗ ದಡದಲ್ಲಿ ಏಳುವ ಹಸಿ ಹುಲ್ಲಿಗೆ ನೂರಾರು ಆನೆ ಬಂದು ಸೇರುತ್ತವೆ. ಅಕ್ಟೋಬರಿನಲ್ಲಿ ಹಿನ್ನೀರು ತುಂಬಿ ದಡವೇ ಕಾಣುವುದಿಲ್ಲ. ರಸ್ತೆ ಪಕ್ಕದ ಚರಂಡಿಯಲ್ಲೂ ನೀರಿರುವಾಗ ಹುಲಿ ರಾಯರಿರುವ ಕೆರೆಗೇ ಏಕೆ ಬರಬೇಕು? ಹಾಗಾದರೆ ಬೇಸಿಗೆಯಲ್ಲೇ ಬರಬಹುದಲ್ಲ ಎಂದರೆ, ಆಗ ರೂಮು ಸಿಗುವುದಿಲ್ಲ. ಎಲ್ಲ ರೂಮಿನಲ್ಲೂ ಮೊದಲೇ ಬುಕ್ ಮಾಡಿದ ಬೇರೆ ರಾಯರುಗಳಿರುತ್ತಾರೆ.

ಅದೇ ವಾರ ಅಮೆರಿಕದ ಅಕ್ಕನ ಮಗ ವರ್ಜೀನಿಯಾದ ಶೆನಂಡೋವಾ ರಾಷ್ಟ್ರೀಯ ಉದ್ಯಾನದ ಫೋಟೋ ಕಳಿಸಿರುತ್ತಾನೆ. ಬೆಟ್ಟದ ನೆತ್ತಿಯ ಮೇಲೆ 105 ಮೈಲಿ ಓಡುವ ಸ್ಕೈಲೈನ್ ಡ್ರೈವ್, ಇಕ್ಕೆಲದಲ್ಲೂ ಕೆಂಪು, ಹಳದಿ, ಕಿತ್ತಳೆ ಮರಗಳು. ಅಮ್ಮ ಕನ್ನಡಕ ಏರಿಸಿ, ‘ಪಾಪ, ಮರಕ್ಕೇನಾಗಿದೆ?’ ಎನ್ನುತ್ತಾರೆ. ಏನೂ ಆಗಿಲ್ಲ, ಹಗಲು ಕಿರಿದಾಗಿ ಚಳಿ ಹತ್ತಿದೊಡನೆ ಎಲೆಯ ಹಸಿರು ಒಡೆದುಹೋಗಿ ಒಳಗಿದ್ದ ಹಳದಿ ಹೊರಬೀಳುತ್ತದೆ, ಕೆಲವು ಮರ ಹೊಸದಾಗಿ ಕೆಂಪನ್ನೂ ಕೂಡಿಸಿಕೊಳ್ಳುತ್ತವೆ. ನಮ್ಮ ಬಂಡೀಪುರದ ಮರಗಳಿಗೆ ಚಳಿಯ ಹಂಗಿಲ್ಲ, ನೀರಿನ ಹಂಗು. ಅವು ಎಲೆ ಉದುರಿಸುವುದು ಜನವರಿಯಿಂದ ಮಾರ್ಚಿನವರೆಗೆ, ನೆಲ ಒಣಗಿದಾಗ. ಅಕ್ಟೋಬರಿನ ನಾಗರಹೊಳೆಯಲ್ಲಿ ಕಂದು ಬಣ್ಣಕ್ಕೆ ತಿರುಗಿ ನಿಂತದ್ದು ತೇಗದ ನೆಡುತೋಪು ಮಾತ್ರ. ಅದಕ್ಕೆ ನಿಜಕ್ಕೂ ಏನೋ ಆಗಿದೆ. ಒಂದು ಪತಂಗದ ಹುಳು ನರಗಳನ್ನು ಬಿಟ್ಟು ನಡುವಿನ ಹಸಿರನ್ನಷ್ಟೇ ಮೇಯ್ದು, ಎಲೆಯನ್ನು ಜಾಲರಿ ಮಾಡಿಟ್ಟಿದೆ. ಅಂಥದೊಂದು ಎಲೆ ಗಾಳಿಗೆ ಹಾರಿ ಜೀಪಿನೊಳಗೆ ಬೀಳುತ್ತದೆ. ಅಮ್ಮ ಅದನ್ನು ಎತ್ತಿ ಸೂರ್ಯನಿಗೆ ಹಿಡಿದು ನೋಡಿ, ‘ಯಾವ ಕಸೂತಿಯವಳೂ ಇಷ್ಟು ಸಣ್ಣಗೆ ತೆಗೀಲಾರಳು’ ಎಂದು ಸೊಸೆಗೆ ಕೊಡುತ್ತಾರೆ. ರಾಯರು ‘ಶ್!’ ಎನ್ನುತ್ತಾರೆ.

ಏಕೆಂದರೆ ಆಗಲೇ ದಮ್ಮನಕಟ್ಟೆಯ ಗೇಟು ದಾಟಿ ಜೀಪು ಒಳಗೆ ಬಂದಿದೆ. ಲೆನ್ಸಿನ ಉದ್ದ ನೋಡಿ ಕ್ಯಾಮೆರಾ ಶುಲ್ಕ ಕಟ್ಟಿಸಿಕೊಂಡ ಗುಮಾಸ್ತನ ಮುಂದೆ ರಾಯರು ತಮ್ಮ ಲೆನ್ಸನ್ನು ಹೆಮ್ಮೆಯಿಂದಲೇ ಅಳತೆಗೆ ಒಪ್ಪಿಸಿದ್ದಾರೆ. ಕೂತ ತಕ್ಷಣ ಡ್ರೈವರಿಗೆ ಮೊದಲ ಪ್ರಶ್ನೆ:

‘ಏನ್ ಗುರು, ಸೈಟಿಂಗ್ ಹೇಗಿದೆ?’

‘ಬೆಳಿಗ್ಗೆ ಆಯ್ತು ಸಾ. ಹೆಣ್ಣು, ಎರಡು ಮರಿ. ಅರ್ಧ ಗಂಟೆ ರೋಡಲ್ಲೇ ಕುಂತಿತ್ತು.’

ರಾಯರ ಬದುಕಿನಲ್ಲಿ ಹುಲಿ ಯಾವಾಗಲೂ ಬೆಳಿಗ್ಗೆ ಕಂಡಿರುತ್ತದೆ, ಅವರು ಬಂದಿರುವುದು ಸಂಜೆ. ಅವರು ಬೆಳಿಗ್ಗೆ ಬಂದ ದಿನ, ನಿನ್ನೆ ಸಂಜೆ.

ಸ್ವಲ್ಪ ದೂರ ಹೋದ ಮೇಲೆ ಡ್ರೈವರು ಜೀಪು ನಿಲ್ಲಿಸಿ ಇಂಜಿನ್ ಆರಿಸುತ್ತಾನೆ. ಹಸಿ ಮಣ್ಣಿನ ಮೇಲೆ ಅಂಗೈ ಅಗಲದ ಹೆಜ್ಜೆ, ಉಗುರಿನ ಗುರುತಿಲ್ಲ. ಎಡಗಡೆ ಎಲ್ಲೋ ಮುಸುವ ಖಕ್, ಖಕ್ ಎಂದು ಕೆಮ್ಮುತ್ತದೆ. ‘ಕಾಲ್ ಅದೆ ಸಾ’ ಎನ್ನುತ್ತಾನೆ. ಕಾಡಿನಲ್ಲಿ ಸುದ್ದಿ ಹಬ್ಬುವುದು ಹೀಗೆ. ಮುಸುವ ಮರದ ತುದಿಯಿಂದ ನೋಡಿ ಕೂಗುತ್ತದೆ. ಜಿಂಕೆ ಕೆಲವೊಮ್ಮೆ ಎಲೆ ಅಲುಗಿದ್ದಕ್ಕೂ ಬೆದರಿ ಕೂಗಿಬಿಡುತ್ತದೆ, ಅದರ ಮಾತನ್ನು ಅರ್ಧ ನಂಬಬೇಕು. ಕಡವೆ ಸುಮ್ಮಸುಮ್ಮನೆ ಬಾಯಿ ಬಿಡುವುದಿಲ್ಲ, ಅದು ‘ಢೋಂಕ್’ ಎಂದರೆ ಹುಲಿಯೋ ಚಿರತೆಯೋ ಇದ್ದೇ ಇದೆ. ರಾಯರಿಗೂ ಇದೆಲ್ಲ ಗೊತ್ತು. ಆದರೆ ‘ಕಾಲ್’ ಎಂಬ ಮಾತು ಕಿವಿಗೆ ಬಿದ್ದದ್ದೇ ಅವರೊಳಗಿನ ಕಾರಂತರು ಹೋಗಿ ಆಂಡರ್ಸನ್ ಬರುತ್ತಾನೆ. ಉಸಿರು ಬಿಗಿಹಿಡಿಯುತ್ತಾರೆ, ಲೆನ್ಸಿನ ಟೋಪಿ ತೆಗೆಯುತ್ತಾರೆ, ಅದು ಕೈಜಾರಿ ಜೀಪಿನ ತಗಡಿನ ಮೇಲೆ ಬಿದ್ದು ಇಡೀ ಕಾಡಿಗೆ ಕೇಳಿಸುವಂತೆ ಉರುಳುತ್ತದೆ.

ಐದು ನಿಮಿಷದಲ್ಲಿ ಅಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ ನಿರ್ಮಾಣವಾಗುತ್ತದೆ. ಹಿಂದೊಂದು ಜೀಪು, ಮುಂದೊಂದು ಜೀಪು, ಅಡ್ಡಲಾಗಿ ಅರಣ್ಯ ಇಲಾಖೆಯ ಬಸ್ಸು. ಬಸ್ಸಿನಲ್ಲಿರುವವರು ಜೀಪಿನವರನ್ನು ಅಸೂಯೆಯಿಂದ ನೋಡುತ್ತಾರೆ, ಜೀಪಿನವರು ಬಸ್ಸಿನವರನ್ನು ‘ಸದ್ದು ಮಾಡಬೇಡಿ’ ಎಂದು ಗದರುತ್ತಾರೆ. ಎಲ್ಲರ ಕಣ್ಣೂ ಒಂದೇ ಲಂಟಾನ ಪೊದೆಯ ಮೇಲೆ. ಹತ್ತು ನಿಮಿಷ. ಇಪ್ಪತ್ತು ನಿಮಿಷ. ಯಾರದೋ ಕೂಸಿಗೆ ಬಿಸ್ಕತ್ತು ಬೇಕಾಗುತ್ತದೆ. ಯಾರೋ ಮೆಲ್ಲಗೆ, ಮಸಾಯ್ ಮಾರದಲ್ಲಿ ಹೀಗೆಲ್ಲ ಕಾಯಬೇಕಾಗಿಲ್ಲ ಎನ್ನುತ್ತಾರೆ. ರಾಯರು ಅವರತ್ತ ತಿರುಗುವುದಿಲ್ಲ; ತಿರುಗಿದ ಕ್ಷಣವೇ ಹುಲಿ ದಾಟಿಬಿಡುತ್ತದೆಂಬ ಭಯ.

ಈ ಮಹಾಮೌನದಲ್ಲಿ ಅಮ್ಮನಿಗೆ ಕಂಡದ್ದು ಬೇರೆ. ಜೀಪಿನ ಬಲಬದಿಗೆ, ಕೈಗೆಟಕುವಷ್ಟು ಹತ್ತಿರ, ಎರಡು ಮರಗಳ ನಡುವೆ ಹರಡಿದ ಬಲೆ. ಇಳಿಬಿಸಿಲು ಬಿದ್ದು ಎಳೆ ಎಳೆಯೂ ಬಂಗಾರದ ಬಣ್ಣ. ನಡುವೆ ಕಾಲು ಚಾಚಿ ಕೂತ ಕರಿ-ಹಳದಿ ಜೇಡ, ಕಾಲೂ ಸೇರಿದರೆ ಅಮ್ಮನ ಅಂಗೈಯಷ್ಟು. ಜಯಂಟ್ ವುಡ್ ಸ್ಪೈಡರ್ ಎಂದು ಅದರ ಹೆಸರು; ಮಳೆ ಮುಗಿದ ಈ ತಿಂಗಳುಗಳಲ್ಲಿ ಘಟ್ಟದ ಕಾಡುದಾರಿಗಳ ತುಂಬ ಅದರದೇ ರಾಜ್ಯ. ಬಲೆಯ ಮೇಲಂಚಿನಲ್ಲಿ ಒಂದು ಕೆಂಪು ಚುಕ್ಕೆ.

‘ಆ ಮರೀನೂ ಜೇಡಾನೇ ಏನಪ್ಪಾ?’

‘ಮರಿ ಅಲ್ಲ ಅವ್ವ, ಗಂಡು. ಬಲೆ ಕಟ್ಟೋದು, ಹುಳ ಹಿಡಿಯೋದು ಎಲ್ಲಾ ಅವಳದೇ. ಇವನು ಮೂಲೇಲಿ ಕುಂತು ಅವಳು ಹಿಡಿದದ್ದರಲ್ಲೇ ತಿಂತಾನೆ.’

‘ಮತ್ತೆ ಇವನ ಕೆಲಸ?’

‘ಕಾಯೋದು ಅವ್ವ.’

ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ರಾಯರ ಬೆನ್ನಿನ ಕಡೆ ನೋಡುತ್ತಾರೆ. ರಾಯರು ಕಾಯುತ್ತಲೇ ಇದ್ದಾರೆ.

ಸೊಸೆಗೂ ಅವತ್ತು ಕಣ್ಣು ತುಂಬ ಸಿಕ್ಕಿತು. ಹಿನ್ನೀರಿನಲ್ಲಿ ಅರ್ಧ ಮುಳುಗಿ ಒಣಗಿ ನಿಂತ ಮರದ ಮೇಲೆ ಒಂದು ಗಿಡುಗ, ಉಗುರಿನಡಿ ಇನ್ನೂ ಒದ್ದಾಡುತ್ತಿರುವ ಮೀನು. ಅದು ಆಸ್ಪ್ರೇ, ಚಳಿಗಾಲ ಕಳೆಯಲು ಬಡಗಣದಿಂದ ಆಗಷ್ಟೇ ಬಂದಿಳಿದ ಹಕ್ಕಿ. ಜೀಪಿನ ಮುಂದೆ ಮಣ್ಣಿನ ದಾರಿಯಲ್ಲಿ ಬಾಲ ಕುಣಿಸುತ್ತ ಓಡಿದ ಬೂದು ಸಿಪಿಲೆಯೂ ಹಿಮಾಲಯದ ಆಚೆಯಿಂದ ಸೆಪ್ಟೆಂಬರಿನಲ್ಲಿ ಬಂದ ಅತಿಥಿಯೇ. ಬೇಲಿ ಪೊದೆಯ ಮೇಲೆ ಅಗ್ನಿಶಿಖೆ ಹೂವು ಕೆಂಪು ಹಳದಿ ದಳಗಳನ್ನು ಮೇಲಕ್ಕೆ ಮಡಚಿಕೊಂಡು ಉರಿಯುತ್ತಿತ್ತು. ಅವರು ಎಲ್ಲವನ್ನೂ ಮೊಬೈಲಿನಲ್ಲಿ ತೆಗೆದುಕೊಂಡರು. ಅತ್ತ ಪೊದೆ ಅಲ್ಲಾಡಿತು. ಹತ್ತಾರು ಕ್ಯಾಮೆರಾ ಒಟ್ಟಿಗೆ ಕಟಕಟ ಹೊಡೆದವು. ಪೊದೆಯಿಂದ ನವಿಲೊಂದು ಹೊರಬಂದು, ಇಷ್ಟೊಂದು ಜನ ಸೇರಿರುವುದು ತನಗಾಗಿಯೇ ಎಂಬ ಗತ್ತಿನಲ್ಲಿ ದಾರಿ ದಾಟಿತು. ಮಳೆಗಾಲದ ಕೊನೆಗೆ ಗರಿ ಉದುರಿಸಿಕೊಂಡಿದ್ದ ಅದಕ್ಕೆ ಬಾಲವೂ ಇರಲಿಲ್ಲ.

ಅಂದು ರಾತ್ರಿ ಗುಂಪಿನಲ್ಲಿ ರಾಯರು ಹಾಕಿದ ಬರಹ ಎರಡೇ ಪದ: ‘ಝೀರೋ ಸೈಟಿಂಗ್.’

ರಾಯರಿಗೆ ಒಬ್ಬ ಭಾವಮೈದುನನಿದ್ದಾನೆ, ಪಕ್ಷಿವೀಕ್ಷಕ. ಇಬ್ಬರಿಗೂ ಆಗಿಬರುವುದಿಲ್ಲ. ಅವನು ಕಾಡಿಗೇ ಹೋಗುವುದಿಲ್ಲ, ಕೆರೆಗೆ ಹೋಗುತ್ತಾನೆ. ನವೆಂಬರ್ ಬಂತೆಂದರೆ ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ. ಹಿಮಾಲಯವನ್ನೇ ಹಾರಿ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹಗಲೆಲ್ಲ ಆ ಕೆರೆಯಲ್ಲಿ ತೇಲಿ, ಕತ್ತಲಾದ ಮೇಲೆ ಸುತ್ತಲ ಶೇಂಗಾ ಹೊಲಗಳಿಗೆ ಊಟಕ್ಕೆ ಹೋಗುತ್ತವೆ. 2024ರಲ್ಲಿ ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿ ಅಳಿವೆ ಮೂರೂ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ದಿನ ಭಾವಮೈದುನ ಅಕ್ಕನ ಮನೆಗೆ ಧಾರವಾಡ ಪೇಡೆ ತಂದಿದ್ದ. ಹೋದಾಗಲೆಲ್ಲ ಅವನಿಗೆ ಹಕ್ಕಿ ಕಂಡೇ ಕಾಣುತ್ತದೆ ಎಂಬುದೇ ರಾಯರ ಸಂಕಟ. ‘ಅದರಲ್ಲಿ ಥ್ರಿಲ್ ಏನಿದೆ? ಬಾತು ಅಲ್ಲೇ ಕೂತಿರುತ್ತೆ’ ಎನ್ನುತ್ತಾರೆ, ಬಾತು ಮಾಡಿದ್ದು ದೊಡ್ಡ ತಪ್ಪೆಂಬ ದನಿಯಲ್ಲಿ.

ತತ್ವದ ಮಾತು ಬಂದರೆ ರಾಯರು ಬಲು ಗಟ್ಟಿ. ಬಂಡೀಪುರದೊಳಗೆ ಹಾದುಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧ 2009ರಿಂದ ಜಾರಿಯಲ್ಲಿದೆ. ಅದನ್ನು ಸಡಿಲಿಸಬೇಕೆಂಬ ಮಾತು ಎದ್ದಾಗಲೆಲ್ಲ ರಾಯರು ಫೇಸ್‌ಬುಕ್ಕಿನಲ್ಲಿ ಉರಿದುಬೀಳುತ್ತಾರೆ: ರಾತ್ರಿ ಕಾಡಿನದು, ಪ್ರಾಣಿಗಳದ್ದು, ಲಾರಿಗಳದ್ದಲ್ಲ. ನೂರಕ್ಕೆ ನೂರು ಸರಿಯಾದ ಮಾತು. ಆದರೆ ಊಟಿಯಲ್ಲಿ ಚಾಕೊಲೇಟು ಕೊಳ್ಳುವುದರಲ್ಲಿ ತಡವಾಗಿ, ಗಡಿಯ ಗೇಟಿಗೆ 9 ಗಂಟೆ 4 ನಿಮಿಷಕ್ಕೆ ಬಂದ ದಿನ ಅದೇ ರಾಯರು ಕಾರಿನಿಂದಿಳಿದು ಕಾವಲುಗಾರನಿಗೆ, ‘ನಾಲ್ಕೇ ನಿಮಿಷ ಕಣಪ್ಪಾ, ನಾವೆಲ್ಲ ವೈಲ್ಡ್‌ಲೈಫ್‌ನವರೇ’ ಎಂದದ್ದುಂಟು. ಕಾವಲುಗಾರ ಗೇಟಿನ ಮೇಲಿನ ಫಲಕಕ್ಕೆ ಟಾರ್ಚು ಬಿಟ್ಟು ತೋರಿಸಿ, ಬೀಡಿ ಹಚ್ಚಿಕೊಂಡ. ಅವತ್ತು ಇಡೀ ಸಂಸಾರ ಮುಂಜಾನೆವರೆಗೆ ಕಾರಿನಲ್ಲೇ ಚಾಕೊಲೇಟು ತಿಂದಿತು.

2025ರ ನವೆಂಬರಿನಲ್ಲಿ ರಾಯರಿಗೆ ಸಿಡಿಲೇ ಬಡಿಯಿತು. ಸರಗೂರು ತಾಲ್ಲೂಕಿನ ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ ಸರ್ಕಾರ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಿ, ಸಿಬ್ಬಂದಿಯನ್ನು ಹುಲಿ ಹಿಡಿಯುವ ಕೆಲಸಕ್ಕೆ ಹಚ್ಚಿತು. ರಾಯರು ಗುಂಪಿನಲ್ಲಿ ಮೊದಲು ಸತ್ತವರಿಗೆ ಶ್ರದ್ಧಾಂಜಲಿ ಬರೆದರು. ಅದರ ಕೆಳಗೇ, ಕಟ್ಟಿದ ದುಡ್ಡು ವಾಪಸು ಬರುತ್ತದೆಯೇ ಎಂದು ಕೇಳಿದರು. ಕೇಡಿಗನಲ್ಲ ಅವರು. ಪತ್ರಿಕೆಯಲ್ಲಿ ಆ ಸುದ್ದಿ ಓದಿ ನಿಜವಾಗಿ ನೊಂದರು. ಅವರು ದುಡ್ಡು ಕೊಟ್ಟು ನೋಡಲು ಹೋಗುವ ಹುಲಿಯೂ, ಆ ರೈತರು ನೋಡಬಾರದೆಂದು ದೇವರಿಗೆ ಹರಕೆ ಹೊರುವ ಹುಲಿಯೂ ಒಂದೇ ಕಾಡಿನದು ಎಂಬುದು ಮಾತ್ರ ತಲೆಗೆ ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು.

ಹೊಳೆಯಬೇಕಾಗಿದ್ದರೆ ನವಿಲು ಕಂಡ ಆ ಸಂಜೆಯೇ ಹೊಳೆಯಬಹುದಿತ್ತು. ಜೀಪು ಗೇಟಿಗೆ ವಾಪಸಾಗಿ, ರಾಯರು ಮುಖ ಗಂಟಿಕ್ಕಿಕೊಂಡು ಲೆನ್ಸು ಒರೆಸುತ್ತಿದ್ದಾಗ ಅಮ್ಮ ಡ್ರೈವರಿಗೆ ನಾಲ್ಕು ಕೋಡುಬಳೆ ಕೊಟ್ಟು, ‘ಮನೆಗೆ ಹೋಗಿ ಊಟ ಮಾಡಿ ಮಲಗ್ತೀಯೇನಪ್ಪಾ?’ ಎಂದು ಕೇಳಿದರು.

‘ಎಲ್ಲಿ ಮಲಗೋದು ಅವ್ವ. ಹೊಲಕ್ಕೆ ಹೋಗ್ಬೇಕು. ರಾಗಿ ತೆನೆ ಕಟ್ತಾ ಅದೆ, ಇನ್ನು ಕೂದು ಮನೆಗೆ ತರೋಗಂಟ ಅಟ್ಟಣೆ ಮೇಲೇ. ನಾನು, ನಮ್ಮಣ್ಣ ಸರದಿ ಮೇಲೆ ಕಾಯ್ತೀವಿ. ಆನೆ ಬತ್ತವೆ.’

‘ರೈಲು ಕಂಬಿ ಬೇಲಿ ಹಾಕಿದ್ದಾರಲ್ಲ?’ ಎಂದರು ಸೊಸೆ.

‘ಹಾಕವ್ರೆ. ಕಂಬಿ ಮುಗಿಯೋ ಜಾಗ ಎಲ್ಲದೆ ಅಂತ ಆನೆಗೆ ನಮಗಿಂತ ಮೊದ್ಲೇ ಗೊತ್ತಾಯ್ತದೆ ಅಮ್ಮ.’

ರಾಯರ ಕೈ ಒರೆಸುವುದನ್ನು ನಿಲ್ಲಿಸಿತು.

‘ದಿನಾ ಬರುತ್ತಾ?’

‘ಹೆಚ್ಚುಕಮ್ಮಿ ದಿನಾ ಸಾ. ಮೊನ್ನೆ ಐದು ಬಂದಿದ್ದೊ, ಒಂದು ಮರಿ. ತಮಟೆ ಬಡಿದು, ಪಟಾಕಿ ಹೊಡೆದು ಓಡ್ಸಿದ್ದಾಯ್ತು. ಹೋದ ತಿಂಗಳು ಹುಲಿನೂವೆ ಬಂದಿತ್ತು. ನಮ್ಮ ಹೊಲದ ಬದುವಿನ ಮೇಲೇ ಕುಂತಿತ್ತು, ಬೆಳಗಾನ. ಪಕ್ಕದ ಮನೆಯವರ ಹಸ ಹೋಯ್ತು.’

‘ಬದುವಿನ ಮೇಲೆ? ಓಪನ್ನಾಗಿ?’ ರಾಯರ ಕಣ್ಣರಳಿತು. ಲಂಟಾನ ಇಲ್ಲ, ಹುಲ್ಲಿಲ್ಲ, ಬಸ್ಸಿಲ್ಲ, ಬಿಸ್ಕತ್ತಿನ ಕೂಸಿಲ್ಲ. ‘ಗುರು, ಅಲ್ಲಿಗೆ ಬುಕಿಂಗ್ ಎಲ್ಲಿ ಮಾಡಿಸ್ಬೇಕು?’

ಡ್ರೈವರು ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು ನುಂಗಿದ.

‘ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಸಾ. ಮೊದ್ಲು ಎರಡೆಕರೆ ಹೊಲ ನಿಮ್ ಹೆಸ್ರಿಗೆ ಆಗ್ಬೇಕು.’

ಅಮ್ಮ ನಕ್ಕರು. ಹೆಂಡತಿ ನಕ್ಕರು. ಅರ್ಥವಾಗದೆ ಮಗನೂ ನಕ್ಕ. ರಾಯರು ಮಾತ್ರ ನಗಲಿಲ್ಲ. ಲೆನ್ಸನ್ನು ಚೀಲದೊಳಗಿಟ್ಟು, ಜಿಪ್ ಎಳೆದು, ಗಂಭೀರವಾಗಿ ಕೇಳಿದರು:

‘ಎಕರೆಗೆ ಈಗ ಏನು ನಡೀತಿದೆ?’